14416: ಬಿಪಿಡಿ ಇರುವವರ ಮನೆಯವರು ಕರೆ ಮಾಡಿದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಇದು ಮಾನಸಿಕ ಆರೋಗ್ಯದ 14416 ಸಹಾಯವಾಣಿಯ ವಿಮರ್ಶೆ. ಕಾಯಿಲೆ ಇರುವವರ ಕಡೆಯಿಂದ ನೋಡಿ ಬರೆದದ್ದಲ್ಲ, ಅವರನ್ನು ನೋಡಿಕೊಳ್ಳುವ ಮನೆಯವರ ಕಡೆಯಿಂದ ನೋಡಿ ಬರೆದದ್ದು. ಕಾಯಿಲೆಯ ಹೆಸರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ಆಸ್ಪತ್ರೆಯ ಚೀಟಿಯಲ್ಲಿ ಬಿಪಿಡಿ ಎಂದೋ, ಇಯುಪಿಡಿ ಎಂದೋ, ಬರೀ ಎಫ್ 60.3 ಎಂದೋ ಇರುತ್ತದೆ; ಮನೆಯವರ ಮಟ್ಟಿಗೆ ಮೂರೂ ಒಂದೇ. ಉಡುಪಿ, ಮಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಈ ಚೀಟಿ ಕೈಗೆ ಬರುವ ಹೊತ್ತಿಗೆ ಜ್ಯೋತಿಷಿಗಳಲ್ಲಿ ಪ್ರಶ್ನೆ ಇಟ್ಟು ಆಗಿರುತ್ತದೆ, ಆಶ್ಲೇಷಾ ಬಲಿ ಆಗಿರುತ್ತದೆ, "ಒಂದು ಮದುವೆ ಮಾಡಿದರೆ ಸರಿಹೋದೀತು" ಎಂಬ ಮಾತೂ ಬಂದಿರುತ್ತದೆ. ಅಷ್ಟರೊಳಗೆ ಅಮ್ಮನಿಗೆ ನಿದ್ದೆ ಇಲ್ಲದೆ ವರ್ಷವಾಗಿರುತ್ತದೆ, ತಮ್ಮನೂ ಮನೆಗೆ ಬರುವುದನ್ನೇ ಕಡಿಮೆ ಮಾಡಿರುತ್ತಾನೆ.

ಸೇವೆಯ ಬಗ್ಗೆ ಮೊದಲು. ಟೆಲಿ-ಮಾನಸ್ ಎಂಬ ಈ ಸಹಾಯವಾಣಿ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಶುರುವಾಯಿತು. ಕೇಂದ್ರ ಸರ್ಕಾರದ ಯೋಜನೆ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416 ಅಥವಾ 1800-891-4416, ಯಾವುದಕ್ಕೆ ಮಾಡಿದರೂ ಆಯಿತು. ದಿನದ 24 ಗಂಟೆ, ಖರ್ಚಿಲ್ಲ. ಮೊದಲು ಧ್ವನಿಮುದ್ರಿಕೆ ಭಾಷೆ ಕೇಳುತ್ತದೆ, ಕನ್ನಡ ಆರಿಸಿಕೊಳ್ಳಬಹುದು. ಮಾತಿಗೆ ಸಿಗುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ವಿಷಯ ಅವರ ಕೈ ಮೀರಿದ್ದಾದರೆ ಮೇಲಿನ ಹಂತದ ತಜ್ಞರಿಗೆ ದಾಟಿಸುತ್ತಾರೆ. ಕಾಯಿಲೆ ಇರುವವರೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು. ಈ ಕೊನೆಯ ಮಾತು ನಮ್ಮ ಕಡೆ ಇನ್ನೂ ಎಷ್ಟೋ ಜನರಿಗೆ ಗೊತ್ತಿಲ್ಲ.

ಬಿಪಿಡಿಯ ಹೊರೆ ಬೇರೆ ಮಾನಸಿಕ ಕಾಯಿಲೆಗಳ ಹೊರೆಯಂತಲ್ಲ, ಅದಕ್ಕೆ ಕಾರಣ ಉಂಟು. ಇಲ್ಲಿ ಭಾವನೆ ಬೇಗ ಏರುತ್ತದೆ, ಬಹಳ ಎತ್ತರಕ್ಕೆ ಏರುತ್ತದೆ, ಇಳಿಯಲು ತುಂಬ ಹೊತ್ತು ಹಿಡಿಯುತ್ತದೆ. ಬುಡದಲ್ಲಿ, ಬಿಟ್ಟುಹೋಗುತ್ತಾರೆ ಎಂಬ ಭಯ. ಆ ಭಯ ತೋರುವುದು ಅತಿ ಹತ್ತಿರದವರ ಎದುರೇ. ಬೆಳಿಗ್ಗೆ "ನೀನಿಲ್ಲದೆ ನಾನಿಲ್ಲ ಅಮ್ಮ" ಎಂದ ಮಗಳು, ಮಧ್ಯಾಹ್ನ ಫೋನ್ ಎತ್ತಲು ಐದು ನಿಮಿಷ ತಡವಾದರೆ "ನಿಮಗ್ಯಾರಿಗೂ ನಾನು ಬೇಡ" ಎಂದು ಕೋಣೆಯ ಚಿಲಕ ಹಾಕಿಕೊಳ್ಳುತ್ತಾಳೆ. ಸಂಜೆ ಬಂದ ಚಿಕ್ಕಮ್ಮನ ಎದುರು ನಗುನಗುತ್ತಾ ಚಾ ಕೊಡುತ್ತಾಳೆ. "ನಮ್ಮೊಟ್ಟಿಗೆ ಚೆಂದವೇ ಉಂಟಲ್ಲ ಅವಳು" ಎಂದು ಚಿಕ್ಕಮ್ಮ ಹೇಳಿ ಹೋದ ಮೇಲೆ ಅಮ್ಮನ ಮಾತನ್ನು ನಂಬುವವರೇ ಇಲ್ಲ. ಎರಡೂ ನಿಜ, ಯಾವುದೂ ನಾಟಕವಲ್ಲ. ಗಂಡುಮಕ್ಕಳಲ್ಲಿಯೂ ಈ ಕಾಯಿಲೆ ಉಂಟು; ಕುಡಿತ, ಹೊಡೆದಾಟ, ಬೈಕಿನ ವೇಗ ಎಂದು ಬೇರೆ ಬೇರೆ ಹೆಸರಿನಲ್ಲಿ ಕಳೆದುಹೋಗಿ ಡಾಕ್ಟರ ತನಕ ಬರುವುದೇ ಇಲ್ಲ.

ಮನೆಯವರ ಹೊರೆಯನ್ನು ಅಳೆಯಲು ನಮ್ಮ ದೇಶದ್ದೇ ಒಂದು ಅಳತೆಗೋಲು ಉಂಟು: 1981ರಲ್ಲಿ ಪೈ ಮತ್ತು ಕಪೂರ್ ಪ್ರಕಟಿಸಿದ ಪ್ರಶ್ನಾವಳಿ. ಈ ಕಪೂರ್ ನಮ್ಮ ಕರಾವಳಿಯನ್ನು ಬಲ್ಲವರು. ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಿಗೆ ಹೋಗಿ ಮಾನಸಿಕ ಆರೋಗ್ಯದ ಅಧ್ಯಯನ ಮಾಡಿ 1976ರಲ್ಲಿ ಪ್ರಕಟಿಸಿದ ಇಬ್ಬರಲ್ಲಿ ಡಾ. ಆರ್. ಎಲ್. ಕಪೂರ್ ಒಬ್ಬರು. ಆ ಪ್ರಶ್ನಾವಳಿ ಹೊರೆಯನ್ನು ಆರು ಕಡೆಯಿಂದ ನೋಡುತ್ತದೆ: ಹಣ, ಮನೆಯ ದಿನಚರಿ, ಬಿಡುವು ಮತ್ತು ಓಡಾಟ, ಮನೆಯೊಳಗಿನ ಸಂಬಂಧ, ಉಳಿದವರ ದೇಹದ ಆರೋಗ್ಯ, ಉಳಿದವರ ಮನಸ್ಸಿನ ಆರೋಗ್ಯ. 14416ನ್ನು ಇದೇ ಆರರ ಮೇಲಿಟ್ಟು ತೂಗಿದರೆ ನಮ್ಮ ತೀರ್ಮಾನ ಹೀಗೆ: ಕೊನೆಯದಕ್ಕೆ ತುಂಬ ಒಳ್ಳೆಯದು. ಮನೆಯೊಳಗಿನ ಸಂಬಂಧಕ್ಕೂ ದಿನಚರಿಗೂ ನೀವು ಸರಿಯಾಗಿ ಕೇಳಿದರೆ ಒಳ್ಳೆಯದು. ಹಣ, ಓಡಾಟ, ದೇಹದ ದಣಿವು, ಈ ಮೂರಕ್ಕೆ ಫೋನಿನಿಂದ ಆಗುವುದು ಕಡಿಮೆ. ಅದಕ್ಕೆ ಬೇರೆ ದಾರಿ ಹಿಡಿಯಬೇಕು.

ಕರೆಗೆ ಮೊದಲಿನ ಹತ್ತು ನಿಮಿಷ

ಕರೆ ಹಾಳಾಗುವುದು ಹೆಚ್ಚಾಗಿ ಮೊದಲ ನಿಮಿಷದಲ್ಲಿ. ಮನೆಯವರು ಹತ್ತು ವರ್ಷದ ಕತೆಯನ್ನು ಮೊದಲಿಂದ ಹೇಳಲು ಹೊರಡುತ್ತಾರೆ. ಆ ಕಡೆಯವರಿಗೆ ಮಾತ್ರ ಮೊದಲು ತಿಳಿಯಬೇಕಾದ್ದು ಒಂದೇ: ಈಗ ಯಾರದಾದರೂ ಜೀವಕ್ಕೆ ಅಪಾಯ ಉಂಟೋ ಇಲ್ಲವೋ. ಅದು ಗೊತ್ತಾಗುವ ತನಕ ಅವರ ಪ್ರಶ್ನೆಗಳೆಲ್ಲ ಅದರ ಸುತ್ತಲೇ ಇರುತ್ತವೆ, ಇರಲೂಬೇಕು. ಹಾಗಾಗಿ ಮೊದಲ ಮಾತು ಹೀಗಿರಲಿ: "ನನ್ನ ಮಗಳಿಗೆ 22 ವರ್ಷ, ಬಿಪಿಡಿ ಎಂದು ಡಾಕ್ಟರು ಹೇಳಿದ್ದಾರೆ. ಈಗ ಅವಳು ಮಲಗಿದ್ದಾಳೆ, ಅಪಾಯ ಇಲ್ಲ. ನಾನು ನನಗಾಗಿ ಕರೆ ಮಾಡಿದ್ದು." ನನಗಾಗಿ ಎಂಬ ಶಬ್ದ ಬಿಟ್ಟುಹೋದರೆ ಇಡೀ ಮಾತು ಮಗಳ ಬಗ್ಗೆಯೇ ನಡೆದು, ಅಮ್ಮನ ನಿದ್ದೆಯ ವಿಷಯ ಬರುವ ಮೊದಲೇ ಮುಗಿದುಹೋಗುತ್ತದೆ.

ಅರ್ಧ ಹಾಳೆಯಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ: ಮಾತ್ರೆಗಳ ಹೆಸರು, ಮಿಲಿಗ್ರಾಂ ಸಹಿತ; ಕೊನೆಯ ಬಾರಿ ಡಾಕ್ಟರಿಗೆ ತೋರಿಸಿದ ದಿನ; ಹಿಂದೆ ಜೀವಕ್ಕೆ ಅಪಾಯ ಮಾಡಿಕೊಂಡದ್ದುಂಟೇ, ಯಾವಾಗ; ಈ ವಾರ ನಡೆದ ಒಂದೇ ಒಂದು ಘಟನೆ, ಗಂಟೆ ಸಹಿತ; ಮನೆಯಲ್ಲಿ ಯಾರ್ಯಾರಿದ್ದಾರೆ; ನೀವು ಎಷ್ಟು ಗಂಟೆ ನಿದ್ದೆ ಮಾಡುತ್ತೀರಿ. ಘಟನೆ ಒಂದೇ ಸಾಕು, ಆದರೆ ಆಡಿದ ಮಾತು ಆಡಿದ ಹಾಗೆಯೇ ಇರಲಿ. "ಅವಳು ಯಾವಾಗಲೂ ಕೂಗಾಡುತ್ತಾಳೆ" ಎಂದರೆ ಸಲಹೆಯೂ ಹಾಗೇ ಮೇಲೆಮೇಲೆ ಬರುತ್ತದೆ. "ನಿನ್ನೆ ರಾತ್ರಿ 9ಕ್ಕೆ ನಾನು ಅಕ್ಕನ ಹತ್ತಿರ ಫೋನಿನಲ್ಲಿದ್ದೆ, ಇವಳು ಬಂದು ಫೋನ್ ಕಿತ್ತುಕೊಂಡಳು, ನಾನು ಗದರಿದೆ, ಆಮೇಲೆ ಹೀಗಾಯಿತು" ಎಂದರೆ ಎಲ್ಲಿ ಬೇರೆ ರೀತಿ ಮಾಡಬಹುದಿತ್ತು ಎಂದು ಅವರಿಗೂ ತೋರುತ್ತದೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡುವವರಾದರೆ ಈ ಹಾಳೆ ಇನ್ನೂ ಮುಖ್ಯ. ಉದ್ವೇಗದಲ್ಲಿ ಕನ್ನಡದ ಶಬ್ದ ಥಟ್ಟನೆ ಬರುವುದಿಲ್ಲ.

ಕದ್ದು ಕರೆ ಮಾಡಬೇಡಿ. ಹಿತ್ತಿಲಲ್ಲಿ ಪಿಸುಗುಟ್ಟಿದ್ದು ಕಿವಿಗೆ ಬಿದ್ದರೆ "ನನ್ನನ್ನು ಆಸ್ಪತ್ರೆಗೆ ಹಾಕಲು ಸಂಚು ಮಾಡುತ್ತಿದ್ದಾರೆ" ಎಂದು ಹಳೆಯ ಭಯ ಮತ್ತೆ ಏಳುತ್ತದೆ. "ನನಗೆ ನಿದ್ದೆ ಬರುವುದಿಲ್ಲ, ಒಬ್ಬರ ಹತ್ತಿರ ಮಾತಾಡುತ್ತೇನೆ, ಅರ್ಧ ಗಂಟೆಯಲ್ಲಿ ಬರುತ್ತೇನೆ" ಎಂದು ಮುಖ ನೋಡಿ ಹೇಳಿ ಜಗಲಿಗೆ ಹೋಗಿ. ಹೇಳಿದ ಹೊತ್ತಿಗೆ ಒಳಗೆ ಬನ್ನಿ. ಈ ಕೊನೆಯದನ್ನು ತಪ್ಪಿಸಿದರೆ ಮುಂದಿನ ಸಲ ಆ ಅರ್ಧ ಗಂಟೆಯೂ ಸಿಗುವುದಿಲ್ಲ.

ಸಲಹೆ ಸರಿಯೋ ಎಂದು ತಿಳಿಯುವುದು

ಸಲಹೆ ಸಹಾಯವಾಣಿಯಿಂದ ಬರಲಿ, ಡಾಕ್ಟರಿಂದ ಬರಲಿ, ನೆಂಟರಿಂದ ಬರಲಿ, ಎರಡು ಮಾತು ಬಂದರೆ ಒಪ್ಪಬೇಡಿ. ಒಂದು, "ಗಮನ ಸೆಳೆಯಲು ಮಾಡುತ್ತಾಳೆ, ನೋಡದ ಹಾಗೆ ಇರಿ". ಇನ್ನೊಂದು, "ಕೇಳಿದ್ದೆಲ್ಲ ಕೊಟ್ಟುಬಿಡಿ, ಸುಮ್ಮನಾಗಲಿ". ಬಿಪಿಡಿಯಲ್ಲಿ ಇವೆರಡೂ ಮನೆಯನ್ನು ಕೆಡಿಸುತ್ತವೆ, ಹೇಗೆಂದು ತಿಳಿದಿರುವುದು ಒಳ್ಳೆಯದು.

ಕೆಲಸಕ್ಕೆ ಹೋದ ಗಂಡನಿಗೆ ಹೆಂಡತಿ ದಿನಕ್ಕೆ 30 ಸಲ ಫೋನ್ ಮಾಡುತ್ತಾಳೆ ಎಂದಿಟ್ಟುಕೊಳ್ಳಿ. ಅವನು 12 ಕರೆ ಬಿಡುತ್ತಾನೆ, ಹದಿಮೂರನೆಯದಕ್ಕೆ ರೇಗಿ ಎತ್ತುತ್ತಾನೆ. ಅವಳ ಮನಸ್ಸು ಕಲಿತದ್ದೇನು? ಹದಿಮೂರು ಸಲ ಮಾಡಿದರೆ ಸಿಗುತ್ತಾನೆ ಎಂದು. ನಾಳೆ 20 ಸಲ ಬಿಟ್ಟು ಎತ್ತಿದರೆ ಅದು 21 ಆಗುತ್ತದೆ. ಒಮ್ಮೆ ಸಿಕ್ಕಿ ಒಮ್ಮೆ ಸಿಗದೆ ಇದ್ದರೆ ಹುಡುಕಾಟ ಹೆಚ್ಚುವುದು ಮನುಷ್ಯ ಸ್ವಭಾವ, ಇದರಲ್ಲಿ ಅವಳ ತಪ್ಪೇನೂ ಇಲ್ಲ. ಪರಿಹಾರ, ಕರೆ ಬರುವ ಮೊದಲೇ ತಾನಾಗಿ ಕೊಡುವುದು: ಮಧ್ಯಾಹ್ನ 1ಕ್ಕೆ ಮತ್ತು ಸಂಜೆ 4ಕ್ಕೆ ಗಂಡನೇ ಫೋನ್ ಮಾಡಿ ಐದು ನಿಮಿಷ ಮಾತಾಡುವುದು, ಒಂದು ದಿನವೂ ತಪ್ಪದೆ. ನಡುವಿನ ಕರೆಗಳಿಗೆ "1ಕ್ಕೆ ಮಾಡುತ್ತೇನೆ" ಎಂದು ಒಂದೇ ಸಂದೇಶ. ಇದನ್ನು ಇಬ್ಬರೂ ಶಾಂತವಾಗಿರುವ ಭಾನುವಾರ ಕೂತು ಒಪ್ಪಿಕೊಳ್ಳಬೇಕು. ಜಗಳದ ನಡುವೆ ಹೇಳಿದರೆ ಶಿಕ್ಷೆಯಂತೆ ಕೇಳುತ್ತದೆ. ಶುರುವಿನ ದಿನಗಳಲ್ಲಿ ಕರೆಗಳು ಕಡಿಮೆಯಾಗುವ ಬದಲು ಹೆಚ್ಚುತ್ತವೆ. ಹೆಚ್ಚಿನ ಮನೆಗಳು ಕೈಬಿಡುವುದು ಈ ಹಂತದಲ್ಲೇ. ಅದನ್ನು ದಾಟುವುದು ಹೇಗೆ ಎಂದು ಕೇಳಲು 14416 ಒಳ್ಳೆಯ ಜಾಗ, ಯಾಕೆಂದರೆ ಈ ಮಧ್ಯೆ ಡಾಕ್ಟರ ಭೇಟಿ ಸಿಗುವುದಿಲ್ಲ.

ಇದಕ್ಕೆ ಹೊರತಾದ್ದು ಸಾವಿನ ಮಾತು. ಅದಕ್ಕೆ ಯಾವಾಗಲೂ, ಯಾವ ಹೊತ್ತಿನಲ್ಲೂ ಓಗೊಡಲೇಬೇಕು. ಆದರೆ ಆ ಹೊತ್ತಿನಲ್ಲಿ ಮೂರು ಗಂಟೆ ಕೂತು ಹಳೆಯ ಜಗಳ ಬಿಡಿಸುವುದು ಬೇಡ. ಸುರಕ್ಷತೆಯ ಕೆಲಸ ಮಾತ್ರ: ನೇರವಾಗಿ ಕೇಳುವುದು, ಒಟ್ಟಿಗೆ ಇರುವುದು, ಒಟ್ಟಿಗೆ 14416ಕ್ಕೆ ಕರೆ ಮಾಡುವುದು, ಬೇಕಾದರೆ ಆಸ್ಪತ್ರೆಗೆ ಹೊರಡುವುದು. ಪ್ರೀತಿಯ ಮಾತು, ಒಟ್ಟಿಗೆ ಕೂತು ಊಟ, ಮಲ್ಪೆಯ ಕಡೆ ಒಂದು ಸುತ್ತು, ಇವೆಲ್ಲ ಶಾಂತವಾದ ದಿನಗಳಲ್ಲೇ ಧಾರಾಳವಾಗಿ ಸಿಗಬೇಕು.

ಮಾತು ಒಪ್ಪುವುದು ಬೇರೆ, ನೋವು ಒಪ್ಪುವುದು ಬೇರೆ. "ನಿಮಗ್ಯಾರಿಗೂ ನಾನು ಬೇಡ" ಎಂದಾಗ "ನಿನಗಾಗಿ ಎಷ್ಟೆಲ್ಲ ಮಾಡಿದ್ದೇವೆ" ಎಂದು ಲೆಕ್ಕ ಒಪ್ಪಿಸಿದರೆ ಬೆಂಕಿಗೆ ತುಪ್ಪ. "ಹೌದು, ಯಾರಿಗೂ ಬೇಡ" ಎನ್ನುವುದಂತೂ ಮಾತೇ ಅಲ್ಲ. "ನಾನು ಫೋನ್ ಎತ್ತದಿದ್ದಾಗ ನಿನಗೆ ಒಬ್ಬಳೇ ಬಿಟ್ಟ ಹಾಗಾಯಿತು ಅಲ್ವಾ ಮಗಾ" ಎಂದರೆ ನೋವನ್ನು ಮಾತ್ರ ಒಪ್ಪಿದ ಹಾಗೆ, ಆರೋಪವನ್ನು ಒಪ್ಪಿದ ಹಾಗಲ್ಲ. ಈ ಒಂದು ವಾಕ್ಯ ಬಾಯಿಗೆ ಬರಲು ಅಭ್ಯಾಸ ಬೇಕು. ಸಹಾಯವಾಣಿಯವರೊಟ್ಟಿಗೆ ಇದನ್ನು ಹೇಳಿ ನೋಡಬಹುದು: "ನಾನು ಹೀಗೆ ಹೇಳುತ್ತೇನೆ, ಹೇಗೆ ಕೇಳುತ್ತದೆ ಹೇಳಿ" ಎಂದು ಕೇಳಿದರೆ ಕರೆಯ ಪ್ರಯೋಜನ ಎರಡು ಪಟ್ಟು.

ಭಾವನೆ ತೀರ ಏರಿದಾಗ ಮಾತು ಒಳಗೆ ಹೋಗುವುದಿಲ್ಲ, ದೇಹದಿಂದಲೇ ಶುರುಮಾಡಬೇಕು. ಉಸಿರು ಹಿಡಿದು ಮುಖವನ್ನು 15ರಿಂದ 30 ಸೆಕೆಂಡ್ ತಣ್ಣೀರಿನಲ್ಲಿ ಇಟ್ಟರೆ ಹೃದಯದ ಬಡಿತ ನಿಧಾನವಾಗುತ್ತದೆ; ನೀರಿನಲ್ಲಿ ಮುಳುಗಿದಾಗ ದೇಹ ತಾನಾಗಿ ಮಾಡುವ ಕೆಲಸ ಅದು. ನಮ್ಮ ಕರಾವಳಿಯ ಸೆಕೆಗೆ ಟ್ಯಾಂಕಿನ ನೀರು ಬೆಚ್ಚಗೇ ಇರುತ್ತದೆ, ಅದರಿಂದ ಏನೂ ಆಗುವುದಿಲ್ಲ. ಫ್ರಿಜ್ಜಿನ ಎರಡು ಬಾಟಲಿ ನೀರನ್ನು ಬೋಗುಣಿಗೆ ಸುರಿಯಬೇಕು, ಇಲ್ಲವೇ ತಣ್ಣನೆಯ ಒದ್ದೆ ಬಟ್ಟೆಯನ್ನು ಕಣ್ಣು, ಕೆನ್ನೆಯ ಮೇಲೆ ಒತ್ತಬೇಕು. ಹೃದಯದ ತೊಂದರೆ ಇರುವವರು, ಹೃದಯದ ಬಡಿತ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಊಟ ಬಿಟ್ಟು ತೀರ ಸೊರಗಿದವರು ಡಾಕ್ಟರನ್ನು ಕೇಳದೆ ಮಾಡಬಾರದು. ಬಲವಂತದಿಂದ ಯಾರ ಮುಖಕ್ಕೂ ನೀರು ಹಾಕಬೇಡಿ. ಶಾಂತವಾಗಿದ್ದಾಗ ಕಲಿಸಿಟ್ಟರೆ ಅವರೇ ಮಾಡಿಕೊಳ್ಳುತ್ತಾರೆ. ನೋಡಿಕೊಳ್ಳುವವರಿಗೂ ಇದು ಅಷ್ಟೇ ಉಪಯೋಗ.

ಅಪಾಯದ ರಾತ್ರಿ

ಇಲ್ಲಿ 14416ರ ಮಿತಿ ಸ್ಪಷ್ಟ ಗೊತ್ತಿರಬೇಕು. ಅದು ಮಾತಿನ ಸೇವೆ. ಆಗಲೇ ಏನಾದರೂ ಸೇವಿಸಿದ್ದರೆ, ಗಾಯ ಆಳವಾಗಿದ್ದರೆ, ಮನೆಯಿಂದ ಹೊರಟುಹೋಗಿದ್ದರೆ ಮೊದಲ ಕರೆ 108 ಅಥವಾ 112ಕ್ಕೆ. ಮಾತ್ರೆ ನುಂಗಿ "ಏನೂ ಆಗಿಲ್ಲ, ಚೆನ್ನಾಗಿದ್ದೇನೆ" ಎಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು. ಕೆಲವು ಸಾಮಾನ್ಯ ಮಾತ್ರೆಗಳ ಹಾನಿ ಹೊರಗೆ ಕಾಣುವುದು ಒಂದೆರಡು ದಿನ ಕಳೆದ ಮೇಲೆ, ಆಗ ತಡವಾಗಿರುತ್ತದೆ. ಖಾಲಿ ಸ್ಟ್ರಿಪ್‌ಗಳನ್ನು ಒಂದೂ ಬಿಡದೆ ಚೀಲಕ್ಕೆ ಹಾಕಿ ಕೊಂಡುಹೋಗಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ.

"ಸಾಯಬೇಕು ಅನಿಸುತ್ತಿದೆಯಾ?" ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದ ಹಾಗಾಗುತ್ತದೆ ಎಂದು ಹಿರಿಯರು ಹೆದರುತ್ತಾರೆ. ಹಾಗಾಗುವುದಿಲ್ಲ. ಬಾಯಿಬಿಟ್ಟು ಹೇಳಲು ಒಬ್ಬರು ಸಿಕ್ಕಿದರೆಂದು ಹೆಚ್ಚಿನವರಿಗೆ ಹಗುರವಾಗುತ್ತದೆ. ಗಾಯ ಮಾಡಿಕೊಳ್ಳುವುದೆಲ್ಲ ಸಾಯುವ ಪ್ರಯತ್ನವಲ್ಲ, ತಡೆಯಲಾರದ ಭಾವನೆಯನ್ನು ಇಳಿಸಲು ಮಾಡುವುದೂ ಉಂಟು. ಆದರೆ ಯಾವುದು ಯಾವುದೆಂದು ಮನೆಯವರು ತೀರ್ಮಾನಿಸಬಾರದು. ಹತ್ತು ಸಲ ಹೇಳಿ ಮಾಡದವರು ಹನ್ನೊಂದನೆಯ ಸಲವೂ ಮಾಡುವುದಿಲ್ಲ ಎಂಬ ಲೆಕ್ಕ ಈ ಕಾಯಿಲೆಯಲ್ಲಿ ನಡೆಯುವುದಿಲ್ಲ.

ಮನೆಯನ್ನು ಭದ್ರ ಮಾಡುವುದು ಒಂದು ಸಂಜೆಯ ಕೆಲಸ. ಮನೆಯ ಎಲ್ಲರ ಮಾತ್ರೆಗಳು, ಅಜ್ಜನ ಬಿಪಿ ಮಾತ್ರೆಯೂ ಸೇರಿ, ಬೀಗ ಇರುವ ಒಂದು ಪೆಟ್ಟಿಗೆಗೆ. ಮಾನಸಿಕ ಚಿಕಿತ್ಸೆಯ ಔಷಧಿ ತಿಂಗಳಿಗೆ ಒಮ್ಮೆಲೇ ಬೇಡ, ಏಳು ದಿನಕ್ಕೆ ಬೇಕಾದಷ್ಟೇ ತರುವುದು. ಡಾಕ್ಟರಿಗೆ ಹೇಳಿದರೆ ಹಾಗೆಯೇ ಬರೆದುಕೊಡುತ್ತಾರೆ. ಅಡಿಕೆ ತೋಟ ಇರುವ ಮನೆಯಲ್ಲಿ ಮೈಲುತುತ್ತು, ಕಳೆನಾಶಕ, ಕೀಟನಾಶಕ ಯಾವುದೂ ಜಗಲಿಯಲ್ಲೋ ಕೊಟ್ಟಿಗೆಯ ಅಟ್ಟದಲ್ಲೋ ಇರಬಾರದು. ಮಳೆಗಾಲದಲ್ಲಿ ತೋಟಕ್ಕೆ ಔಷಧಿ ಸಿಂಪಡಿಸುವ ದಿನಗಳಲ್ಲಿ ಉಳಿದದ್ದನ್ನು ಅಂದಂದೇ ಬೇರೆಯವರ ಶೆಡ್ಡಿಗೆ ಸಾಗಿಸಿ ಬೀಗ ಹಾಕಬೇಕು. ಅಪಾಯದ ಯೋಚನೆ ಅಲೆಯಂತೆ ಬಂದು ಇಳಿಯುತ್ತದೆ. ಅದು ಏರಿದ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಪೊಲೀಸ್ ಕೇಸ್ ಆಗುತ್ತದೆ ಎಂಬ ಹೆದರಿಕೆಯಿಂದ ಆಸ್ಪತ್ರೆಯಲ್ಲಿ "ಕಾಲು ಜಾರಿ ಬಿದ್ದದ್ದು" ಎಂದು ಸುಳ್ಳು ಹೇಳುವವರು ನಮ್ಮ ಕಡೆ ಬಹಳ. ಸುಳ್ಳಿನಿಂದ ಚಿಕಿತ್ಸೆಯೇ ತಪ್ಪುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಮೆಡಿಕೊ-ಲೀಗಲ್ ದಾಖಲೆ) ಬರೆಯಬಹುದು, ಪೊಲೀಸರು ಹೇಳಿಕೆ ಪಡೆಯಬಹುದು. ಅದು ದಾಖಲೆ ಮಾತ್ರ, ನೀವು ತಪ್ಪಿತಸ್ಥರೆಂದು ಅಲ್ಲ.

ಫೋನಿನಿಂದ ಆಗದ್ದು

ರೋಗನಿರ್ಣಯ, ವರ್ಷಗಟ್ಟಲೆಯ ಚಿಕಿತ್ಸೆ, ಸರ್ಟಿಫಿಕೇಟು, ಇವು 14416ರಲ್ಲಿ ಹುಡುಕಬೇಕಾದವಲ್ಲ. ಪ್ರತಿ ಸಲ ಅದೇ ಆಪ್ತಸಮಾಲೋಚಕರು ಸಿಗುತ್ತಾರೆಂದು ಎಣಿಸಿ ಕೂರಲೂಬಾರದು. ಆ ಅರ್ಧ ಹಾಳೆ ಅದಕ್ಕಾಗಿಯೇ. ಸೇವೆಯ ನಿಜವಾದ ಕೊರತೆ ಎಂದು ನಮಗೆ ತೋರುವುದು ಇದು: ಬಿಪಿಡಿ ವರ್ಷಗಳ ಕಾಯಿಲೆ, ಫೋನ್ ಒಂದು ರಾತ್ರಿಯ ಆಸರೆ. ಒಂದು ರಾತ್ರಿಗೆ ಅದು ಸಾಕು, ವರ್ಷಕ್ಕೆ ಸಾಲದು.

ವರ್ಷಕ್ಕೆ ಬೇಕಾದ ಸೌಕರ್ಯ ನಮ್ಮ ಎರಡು ಜಿಲ್ಲೆಗಳಲ್ಲಿ ಉಂಟು, ರಾಜ್ಯದ ಎಷ್ಟೋ ಜಿಲ್ಲೆಗಳಿಗಿಂತ ಹೆಚ್ಚೇ ಉಂಟು. ಮಂಗಳೂರಿನಲ್ಲಿ ವೆನ್ಲಾಕ್, ಕಂಕನಾಡಿಯ ಫಾದರ್ ಮುಲ್ಲರ್, ಅತ್ತಾವರದ ಕೆಎಂಸಿ, ದೇರಳಕಟ್ಟೆಯ ಯೇನೆಪೋಯ ಮತ್ತು ಕೆ. ಎಸ್. ಹೆಗ್ಡೆ, ಕುಂಟಿಕಾನದ ಎ. ಜೆ.; ಉಡುಪಿ ಕಡೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ, ದೊಡ್ಡಣಗುಡ್ಡೆಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಮಾಡಲಾಗಿದೆ; ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ದಿನ, ಹೊತ್ತು ಕೇಳಿಕೊಳ್ಳಿ.

ಯಾವ ಒಪಿಡಿಗೆ ಹೋದರೂ ಡಾಕ್ಟರಿಗೆ ಸಿಗುವ ಹೊತ್ತು ಕಡಿಮೆ, ಆ ಹೊತ್ತು ಕಾಯಿಲೆ ಇರುವವರಿಗೇ ಬೇಕು. ಮನೆಯವರು ಕೇಳಬೇಕಾದ್ದು ಬೇರೊಂದು: "ಇಲ್ಲಿ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಇದ್ದಾರಾ? ಮನೆಯವರಿಗೆಂದೇ ಒಂದು ಸೆಷನ್ ಸಿಗುತ್ತದಾ?" ದೊಡ್ಡ ಮನೋವೈದ್ಯಕೀಯ ವಿಭಾಗಗಳಲ್ಲಿ ಈ ಕೆಲಸಕ್ಕೆಂದೇ ಜನ ಇರುತ್ತಾರೆ, ಆದರೆ ನೀವಾಗಿ ಕೇಳದಿದ್ದರೆ ಆ ಬಾಗಿಲು ಹೆಚ್ಚಾಗಿ ತೆರೆಯುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯಲ್ಲಿ ಮನೆಯವರಿಗೆ ಅತಿ ಹೆಚ್ಚು ಉಪಯೋಗ ಇರುವುದೂ, ಅತಿ ಕಡಿಮೆ ಬಳಕೆಯಾಗುವುದೂ ಇದೇ.

ಪ್ರಾಯಕ್ಕೆ ಬಂದ ಮಗಳ ವಿಷಯವನ್ನು ಅವಳ ಒಪ್ಪಿಗೆ ಇಲ್ಲದೆ ಡಾಕ್ಟರು ನಿಮಗೆ ಹೇಳುವಂತಿಲ್ಲ. ಅದು ಅವಳ ಹಕ್ಕು, ಮೇಲೆ ಹೇಳಿದ 2017ರ ಕಾಯ್ದೆಯ 23ನೇ ಸೆಕ್ಷನ್. ಜೀವಕ್ಕೆ ಅಪಾಯ ಇರುವ ಸಂದರ್ಭ ಬೇರೆ. ಆದರೆ ನೀವು ಡಾಕ್ಟರಿಗೆ ಹೇಳುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಒಂದು ಪುಟ ಬರೆದು ಕೊಡಿ, ಕೊಟ್ಟದ್ದನ್ನು ಮಗಳಿಗೂ ತಿಳಿಸಿ. ಇನ್ನೊಂದು ಅವಕಾಶ 14ನೇ ಸೆಕ್ಷನ್‌ನಲ್ಲಿ ಉಂಟು: ಅವಳೇ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ತನ್ನ ಪ್ರತಿನಿಧಿಯನ್ನು ನೇಮಿಸಬಹುದು. ಅಮ್ಮನ ಮೇಲೆ ಸಿಟ್ಟಿದ್ದರೆ ಅಕ್ಕನನ್ನೋ ಗೆಳತಿಯನ್ನೋ ಹೆಸರಿಸಲಿ, ಅಮ್ಮನೂ ಅದಕ್ಕೆ ಒಪ್ಪಲಿ. ಶಾಂತವಾದ ದಿನ ಮಾಡಿಟ್ಟ ಈ ಒಂದು ಹಾಳೆಯಿಂದ ಅಡ್ಮಿಷನ್ ರಾತ್ರಿಯ ಅರ್ಧ ಜಗಳ ತಪ್ಪುತ್ತದೆ.

ಔಷಧಿಯಿಂದಲೇ ಬಿಪಿಡಿ ಗುಣವಾಗುತ್ತದೆಂದು ಕಾಯಬೇಡಿ. ಈ ಕಾಯಿಲೆಗೆಂದೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಒಟ್ಟಿಗೆ ಇರುವ ಖಿನ್ನತೆ, ಆತಂಕಗಳಿಗೆ ಕೊಡುತ್ತಾರೆ. ಮುಖ್ಯ ಚಿಕಿತ್ಸೆ ಮಾತಿನದು. ಅದರಲ್ಲಿ ಹೆಚ್ಚು ಪರೀಕ್ಷೆಗೊಳಗಾದದ್ದು ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಏರುವ ಭಾವನೆಯನ್ನು ನಿಭಾಯಿಸಲು ಕಲಿಸುವುದು), ಅಮೆರಿಕದ ಮಾರ್ಷಾ ಲೈನಹನ್ ರೂಪಿಸಿದ್ದು, ಮೊದಲ ಪ್ರಯೋಗದ ಫಲಿತಾಂಶ ಬಂದದ್ದು 1991ರಲ್ಲಿ. ಯುವತಿಯಾಗಿದ್ದಾಗ ತಾವೂ ಇಂಥದೇ ನರಳಾಟದಲ್ಲಿ ಆಸ್ಪತ್ರೆಯಲ್ಲಿದ್ದುದನ್ನು ಅವರು 2011ರಲ್ಲಿ ಬಹಿರಂಗವಾಗಿ ಹೇಳಿದರು. ಪೂರ್ಣ ಡಿಬಿಟಿಗೆ ನಾಲ್ಕು ಭಾಗ: ವಾರಕ್ಕೊಂದು ವೈಯಕ್ತಿಕ ಸೆಷನ್, ವಾರಕ್ಕೊಂದು ಗುಂಪಿನ ತರಗತಿ, ನಡುವೆ ಬೇಕಾದಾಗ ಫೋನಿನಲ್ಲಿ ಮಾರ್ಗದರ್ಶನ, ಚಿಕಿತ್ಸಕರದೇ ಒಂದು ತಂಡ. ಸಾಮಾನ್ಯವಾಗಿ ಒಂದು ವರ್ಷ. "ನಾವು ಡಿಬಿಟಿ ಮಾಡುತ್ತೇವೆ" ಎಂದಾಗ ನಾಲ್ಕರಲ್ಲಿ ಎಷ್ಟು ಎಂದು ಕೇಳಿ. ಒಂದೇ ಇದ್ದರೂ ಉಪಯೋಗ ಉಂಟು, ಆದರೆ ದುಡ್ಡು ಕೊಡುವ ಮೊದಲು ಗೊತ್ತಿರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಫಲಕ ಹಾಕಿದವರ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ. ವಿಮೆ ಇರುವವರು 21ನೇ ಸೆಕ್ಷನ್ ನೆನಪಿಡಿ: ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವೈದ್ಯಕೀಯ ವಿಮೆ ಕೊಡಬೇಕೆಂದು ಅದು ಹೇಳುತ್ತದೆ. ಅಡ್ಮಿಷನ್ ಖರ್ಚಿಗೆ ಪಾಲಿಸಿ ತೆರೆದು ನೋಡದೆ ಕೈಯಿಂದ ಕಟ್ಟಬೇಡಿ.

ಮನೆಯವರಿಗೆಂದೇ ಮಾಡಿದ ಒಂದು ಕೋರ್ಸ್ ಕೂಡ ಉಂಟು, ಫ್ಯಾಮಿಲಿ ಕನೆಕ್ಷನ್ಸ್. ಅಮೆರಿಕದ ಬಿಪಿಡಿ ಕುಟುಂಬ ಸಂಘಟನೆಯದು, 12 ವಾರ, ಉಚಿತ, ಆನ್‌ಲೈನ್‌ನಲ್ಲಿಯೂ ಸಿಗುತ್ತದೆ. ಇದನ್ನು ಮುಗಿಸಿದ ಮನೆಯವರಲ್ಲಿ ಹೊರೆಯ ಭಾವನೆ ಮತ್ತು ದುಃಖ ಕಡಿಮೆಯಾಗಿ, ನಿಭಾಯಿಸಬಲ್ಲೆವೆಂಬ ಧೈರ್ಯ ಹೆಚ್ಚಿದ್ದು 2005ರ ಅಧ್ಯಯನದಲ್ಲಿ ಕಂಡಿತು. ಕಷ್ಟ ಇಂಗ್ಲಿಷಿನದು. ಇಂಗ್ಲಿಷ್ ಬರುವ ಅಣ್ಣನೋ ಅತ್ತಿಗೆಯೋ ಸೇರಿ, ಪ್ರತಿ ವಾರ ಕಲಿತದ್ದನ್ನು ಅಮ್ಮನಿಗೆ ತುಳುವಿನಲ್ಲಿ ಹೇಳಿಕೊಡುವುದು ನಡೆಯುವ ದಾರಿ.

ಗಲ್ಫಿನ ಅಪ್ಪಂದಿರಿಗೆ ಒಂದು ಮಾತು. ಅಮ್ಮ ಇಲ್ಲ ಎಂದ ದುಡ್ಡನ್ನು ನೀವು ಅಲ್ಲಿಂದ ಮರುಕದಿಂದ ಕಳಿಸಿದರೆ ಮನೆ ಎರಡು ಪಕ್ಷವಾಗುತ್ತದೆ, ಅಮ್ಮ ವೈರಿಯಾಗುತ್ತಾಳೆ. ವಾರಕ್ಕೊಮ್ಮೆ, ಶುಕ್ರವಾರ ನಿಮಗೆ ರಜೆ ಇದ್ದರೆ ಅಂದೇ, ನೋಡಿಕೊಳ್ಳುವವರು ಮಾತ್ರ 15 ನಿಮಿಷ ಮಾತಾಡಿ: ಈ ವಾರ ಎಷ್ಟು ಹಣ, ಯಾವುದಕ್ಕೆ ಹೌದು, ಯಾವುದಕ್ಕೆ ಇಲ್ಲ, ರಾತ್ರಿ ಪಾಳಿ ಯಾರದು, ಅಮ್ಮನಿಗೆ ರಜೆ ಯಾವ ಅರ್ಧ ದಿನ. ಆ ಅರ್ಧ ದಿನ ಅಮ್ಮ ತಂಗಿಯ ಮನೆಗೋ ದೇವಸ್ಥಾನಕ್ಕೋ ಹೋಗಲಿ, ಮಗಳಿಗೆ ಹೊರಡುವ ಮತ್ತು ಬರುವ ಗಂಟೆ ಹೇಳಿ ಹೋಗಲಿ. ಮೇಲೆ ಹೇಳಿದ ಆರರಲ್ಲಿ ಫೋನಿಗೆ ನಿಲುಕದ ಮೂರಕ್ಕೆ ಇದಕ್ಕಿಂತ ಅಗ್ಗದ ಮದ್ದು ನಮಗೆ ಗೊತ್ತಿಲ್ಲ.

ಇಷ್ಟೆಲ್ಲ ಯಾಕೆ ಮಾಡಬೇಕೆಂದರೆ, ಇದು ಇಳಿಯುವ ಕಾಯಿಲೆ. ಅಮೆರಿಕದಲ್ಲಿ 10 ವರ್ಷ ಹಿಂಬಾಲಿಸಿ ನೋಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 100ಕ್ಕೆ 85ರಷ್ಟು ಜನರಲ್ಲಿ ಲಕ್ಷಣಗಳು ರೋಗವೆನ್ನುವ ಮಟ್ಟಕ್ಕಿಂತ ಕೆಳಗೆ ಬಂದಿದ್ದವು. ಕೆಲಸ, ಸಂಬಂಧಗಳು ಸುಧಾರಿಸುವುದು ಮಾತ್ರ ಅದಕ್ಕಿಂತ ನಿಧಾನ. ಅಷ್ಟು ವರ್ಷ ಮನೆಯವರೂ ನಿಂತಿರಬೇಕಲ್ಲ.

ನಮ್ಮ ಶಿಫಾರಸು: ಮೊದಲ ಕರೆಯನ್ನು ಗಲಾಟೆಯ ರಾತ್ರಿಗೆ ಇಟ್ಟುಕೊಳ್ಳಬೇಡಿ. ಈ ವಾರವೇ, ಮನೆ ಶಾಂತವಾಗಿರುವ ಒಂದು ಮಧ್ಯಾಹ್ನ, ನಿಮ್ಮ ನಿದ್ದೆಯ ಬಗ್ಗೆ ಎಂದೇ ಕರೆ ಮಾಡಿ. ದಾರಿ ಒಮ್ಮೆ ಪರಿಚಯವಾದರೆ ಕತ್ತಲೆಯಲ್ಲಿ ತಡಕಾಡಬೇಕಾಗುವುದಿಲ್ಲ. ಕರೆ ಮುಗಿದ ಕೂಡಲೇ ದಿನಾಂಕ, ಅವರು ಹೇಳಿದ ಎರಡು ಮುಖ್ಯ ವಿಷಯ, ಮುಂದಿನ ಕರೆಯ ದಿನ, ಇಷ್ಟನ್ನು ಅದೇ ಹಾಳೆಯ ಹಿಂಬದಿಯಲ್ಲಿ ಬರೆಯಿರಿ. ಹಾಳೆ ಮಾತ್ರೆಯ ಪೆಟ್ಟಿಗೆಯೊಳಗೆ ಇರಲಿ. ಬೀಗದ ಕೈ ಇರುವವರಿಗೆಲ್ಲ ಸಿಗುತ್ತದೆ.